ನಾಣ್ಯದ ಅಚ್ಚು

ಕೊಡಗಿನ ಐನ್‌ಮನೆಯ (ಕುಲದ ಮೂಲಮನೆಯ) ಹಳೇ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ಅಥವಾ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಸಿಕ್ಕಿತು, ಮೇಲೊಂದು ಗೆರೆ ಇದೆ ಅಂತಿಟ್ಟುಕೊಳ್ಳಿ. ‘ಗೀರು ಬಿದ್ದಿದೆ’ ಎಂದು ಬದಿಗಿಡುವ ಮೊದಲು ಅದು ತಗ್ಗಾಗಿದೆಯೋ ಉಬ್ಬಿದೆಯೋ ನೋಡಿ. ತಗ್ಗಾಗಿದ್ದರೆ ಯಾರೋ ಗೀರಿದ್ದು. ಉಬ್ಬಿದ್ದರೆ ಅದು ಟಂಕಸಾಲೆಯ, ಅಂದರೆ ನಾಣ್ಯ ತಯಾರಿಸುವ ಕಾರ್ಖಾನೆಯ, ಅಚ್ಚಿನದೇ ಬಿರುಕು.

ಅಚ್ಚು ಎಂದರೆ ಬೆಳ್ಳಿ ಬಿಲ್ಲೆಯ ಮೇಲೆ ಚಿತ್ರ, ಅಕ್ಷರ ಮೂಡಿಸುವ ಉಕ್ಕಿನ ತುಂಡು. ಎರಡು ಮುಖಕ್ಕೆ ಎರಡು ಅಚ್ಚು. ನಾಣ್ಯದಲ್ಲಿ ಉಬ್ಬಿ ಕಾಣಬೇಕಾದದ್ದನ್ನು ಇಲ್ಲಿ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ಕೆತ್ತಬೇಕು. ಕೆತ್ತಿದ ಮೇಲೆ ಕೆಂಪಗೆ ಕಾಸಿ, ನೀರಿಗೋ ಎಣ್ಣೆಗೋ ಅದ್ದಿ ಗಟ್ಟಿ ಮಾಡುತ್ತಾರೆ. ಮತ್ತೆ ಹಗುರವಾಗಿ ಬಿಸಿ ಮಾಡಿ ಹದಕ್ಕೆ ತರುತ್ತಾರೆ. ಈ ಎರಡನೇ ಬಿಸಿ ತಪ್ಪಿದರೆ ಉಕ್ಕು ಪೆಡಸಾಗಿ, ಪೆಟ್ಟು ಬಿದ್ದಾಗ ಸೀಳುತ್ತದೆ. ಸೀಳಿದ ಸಂದಿಗೆ ಬೆಳ್ಳಿ ನುಗ್ಗುವುದರಿಂದಲೇ ಆ ಉಬ್ಬುಗೆರೆ. ತುಕ್ಕು ತಿಂದ ಅಚ್ಚಾದರೆ ಸಣ್ಣ ಉಬ್ಬು ಚುಕ್ಕಿಗಳು ಮೂಡುತ್ತವೆ.

ಕೈಯಲ್ಲಿ ಟಂಕಿಸುವಾಗ ಅಡಿಯ ಅಚ್ಚನ್ನು ದಿಮ್ಮಿಗೆ ನೆಟ್ಟು, ಕಾಸಿ ಮೆದುಮಾಡಿದ ಬಿಲ್ಲೆ ಇಟ್ಟು, ಮೇಲಿನದನ್ನು ಹಿಡಿದು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಪೆಟ್ಟು ನೇರ ತಿನ್ನುವ ಮೇಲಿನ ಅಚ್ಚೇ ಮೊದಲು ಸವೆಯುವುದು. ಕೈಪೆಟ್ಟಿನ ಆರ್ಕಾಟ್ ರೂಪಾಯಿಗಳಲ್ಲಿ (ಆರ್ಕಾಟ್ ಟಂಕಸಾಲೆಯ ಹೆಸರು ಹೊತ್ತ ಹಳೇ ಬೆಳ್ಳಿ ರೂಪಾಯಿಗಳಲ್ಲಿ) ಅಚ್ಚು ಬಿಲ್ಲೆಗಿಂತ ಅಗಲ. ಹಾಗಾಗಿ ಇಸವಿಯೋ ಟಂಕಸಾಲೆಯ ಹೆಸರೋ ಅರ್ಧ ಹೊರಗೇ ಉಳಿದಿರುತ್ತದೆ. ಅದು ಖೋಟಾ ಎನ್ನುವುದಕ್ಕೆ ಗುರುತಲ್ಲ.

ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು 1834ರಲ್ಲಿ. ಮರುವರ್ಷವೇ ಕಂಪನಿ ಯಂತ್ರದಲ್ಲಿ ಒಂದೇ ಮಾದರಿಯ ರೂಪಾಯಿ ತಂದಿತು: ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯಂತ್ರದಲ್ಲಿ ಬಿಲ್ಲೆಯ ಸುತ್ತ ಉಕ್ಕಿನ ಬಳೆ ಇರುತ್ತದೆ. ಅಂಚಿನ ಗೆರೆಗಳು ಅದರವು.

ಅಚ್ಚಿನ ಒಂದು ಚಿಕ್ಕ ಕೆತ್ತನೆ ಎಷ್ಟು ಗದ್ದಲ ಮಾಡಬಲ್ಲದು ಎನ್ನುವುದಕ್ಕೆ 1911ರ ಜಾರ್ಜ್ ರೂಪಾಯಿ ಸಾಕು. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಸಿಟ್ಟಾದರು. ಹೆಚ್ಚಿನ ನಾಣ್ಯಗಳನ್ನು ಹಿಂಪಡೆದು ಕರಗಿಸಿ, 1912ಕ್ಕೆ ಆನೆಯನ್ನು ತಿದ್ದಿದ ಹೊಸ ಅಚ್ಚು ಬಂತು. ಹಾಗಾಗಿ 1911ರದು ಸಿಕ್ಕರೆ ಭೂತಗನ್ನಡಿಯಲ್ಲಿ ಸೊಂಡಿಲು ನೋಡಿ. ಹುಣಸೆಹಣ್ಣು ಹಚ್ಚಿ ಮಾತ್ರ ಉಜ್ಜಬೇಡಿ. ಅಚ್ಚಿನ ನವಿರಾದ ಗುರುತುಗಳು ಮೊದಲು ಹೋಗುವುದೇ ಹಾಗೆ.