ಹಂಚಿಕೊಂಡ ಫೈಬರ್‌ನಲ್ಲಿ ಆಫೀಸಿನ ಲೈನ್: ಹೆದರಿಕೆ ಎಲ್ಲಿಂದ ಬಂತು, ಎಲ್ಲಿ ಉಳಿಯಿತು

'ಶೇರ್ಡ್ ಲೈನಾ, ಡೆಡಿಕೇಟೆಡ್ಡಾ?' ಆಫೀಸಿಗೆ ಇಂಟರ್ನೆಟ್ ಹಾಕಿಸುವವರು ಮೊದಲು ಕೇಳುವುದೇ ಇದನ್ನು. ಶೇರ್ಡ್ ಅಂದರೆ ಮುಖ ಸಿಂಡರಿಸುತ್ತಾರೆ. ಪಕ್ಕದವರು ಸಿನಿಮಾ ನೋಡಿದರೆ ನಮ್ಮ ಲೈನ್ ನಿಧಾನ ಆಗುತ್ತೆ, ಅಲ್ವಾ? ಈ ಅನುಮಾನ ಹಳೆಯದು, ಒಂದು ಕಾಲಕ್ಕೆ ಸರಿಯೂ ಆಗಿತ್ತು. ಈಗ ಹೆದರಬೇಕಾದ ಜಾಗ ಬೇರೆ.

1980ರ ದಶಕದ ಕೊನೆಯಲ್ಲಿ ಬ್ರಿಟಿಷ್ ಟೆಲಿಕಾಂನ ಸಂಶೋಧಕರು ಒಂದು ಲೆಕ್ಕ ಹಾಕಿದರು. ಪ್ರತಿ ಗ್ರಾಹಕರಿಗೂ ಎಕ್ಸ್‌ಚೇಂಜಿನಿಂದ ಒಂದೊಂದು ಫೈಬರ್ ಎಳೆಯುವುದು ದುಬಾರಿ. ಅದರ ಬದಲು ಒಂದೇ ಫೈಬರ್ ಎಳೆದು, ದಾರಿಯಲ್ಲಿ ಅದರ ಬೆಳಕನ್ನು ಕವಲು ಮಾಡಿದರೆ? ಕವಲು ಮಾಡುವ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಹಾಗಾಗಿಯೇ ಇದಕ್ಕೆ ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್, ಚಿಕ್ಕದಾಗಿ ಪಾನ್, ಅನ್ನುವ ಹೆಸರು. ಇಂದಿಗೂ ಏರ್ಪಾಡು ಅದೇ. ಸುಮಾರು 20 ಕಿಲೋಮೀಟರ್‌ವರೆಗೆ ಒಂದು ಫೈಬರ್, ಅದರ ತುದಿಯಲ್ಲಿ 32 ಅಥವಾ 64 ಗ್ರಾಹಕರು.

ಎಕ್ಸ್‌ಚೇಂಜಿನಿಂದ ಕೆಳಕ್ಕೆ, ಅಂದರೆ ಗ್ರಾಹಕರ ಕಡೆಗೆ, ಬರುವ ಡೇಟಾ ಅವರೆಲ್ಲರ ಜಾಗದಲ್ಲಿ ಇಟ್ಟ ಪೆಟ್ಟಿಗೆಗೂ ಹೋಗುತ್ತದೆ. ಪ್ರತಿ ಪೆಟ್ಟಿಗೆ ತನ್ನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಕದ್ದು ನೋಡಬಾರದೆಂದು ಅದನ್ನು ಎನ್‌ಕ್ರಿಪ್ಟ್ ಮಾಡಿರುತ್ತಾರೆ. ಕಷ್ಟ ಇರುವುದು ಮೇಲಕ್ಕೆ, ಅಂದರೆ ಎಕ್ಸ್‌ಚೇಂಜಿಗೆ, ಕಳಿಸುವಾಗ. ಇಬ್ಬರು ಒಟ್ಟಿಗೆ ಬೆಳಕು ಬಿಟ್ಟರೆ ಎರಡೂ ಕಲಸಿಹೋಗುತ್ತವೆ. ಆದ್ದರಿಂದ ಸರದಿ. ಎಕ್ಸ್‌ಚೇಂಜಿನ ಯಂತ್ರ, ಅಂದರೆ ಓಎಲ್‌ಟಿ, ಯಾರು ಯಾವಾಗ ಎಷ್ಟು ಹೊತ್ತು ಕಳಿಸಬೇಕೆಂದು ಹೇಳುತ್ತದೆ. ಬೆಳಕು ಗಾಜಿನಲ್ಲಿ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಯಾರು ಎಷ್ಟು ದೂರ ಅನ್ನುವುದನ್ನೂ ಓಎಲ್‌ಟಿ ಮೊದಲೇ ಅಳೆದಿಟ್ಟುಕೊಂಡಿರುತ್ತದೆ.

1995ರಲ್ಲಿ ಟೆಲಿಕಾಂ ಕಂಪನಿಗಳು ಸೇರಿ ಎಫ್‌ಸ್ಯಾನ್ ಎಂಬ ಗುಂಪು ಕಟ್ಟಿದವು. 1998ರಲ್ಲಿ ಮೊದಲ ಅಂತರರಾಷ್ಟ್ರೀಯ ಮಾನದಂಡ ಬಂತು. ಆಗ ಎಲ್ಲರೂ ಸೇರಿ ಮೇಲಕ್ಕೆ ಕಳಿಸಬಹುದಾಗಿದ್ದು ಸೆಕೆಂಡಿಗೆ 155 ಮೆಗಾಬಿಟ್. ಇಷ್ಟಕ್ಕೆ ಕಂಪನಿಗಳು ಲೀಸ್ಡ್ ಲೈನ್, ಅಂದರೆ ತಮಗೊಬ್ಬರಿಗೇ ಮೀಸಲಾದ ಡೆಡಿಕೇಟೆಡ್ ಲೈನ್, ಬಿಟ್ಟು ಇದರ ಕಡೆ ಯಾಕೆ ಬರುತ್ತವೆ?

2001ರಲ್ಲಿ ಆ ಮಾನದಂಡಕ್ಕೆ ಒಂದು ಸೇರ್ಪಡೆ ಬಂತು. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ನನ್ನ ಪ್ರಕಾರ ಕಥೆ ತಿರುಗಿದ್ದೇ ಅಲ್ಲಿ. ಸರದಿಯನ್ನು ಬೇಡಿಕೆ ನೋಡಿ ಹಂಚಬಹುದು, ಜೊತೆಗೆ ದರ್ಜೆಯನ್ನೂ ಕೊಡಬಹುದು ಎಂದಾಯಿತು. ಒಬ್ಬರಿಗೆ ಬಳಸಲಿ ಬಿಡಲಿ ಮೀಸಲು ಜಾಗ. ಇನ್ನೊಬ್ಬರಿಗೆ ಕೇಳಿದಾಗ ಸಿಕ್ಕೇ ಸಿಗುವ ಪಾಲು. ಮತ್ತೊಬ್ಬರಿಗೆ ಮಿಕ್ಕಿದ್ದು. ಪಕ್ಕದವರ ಸಿನಿಮಾ ಆ ಮೀಸಲನ್ನು ಮುಟ್ಟುವುದಿಲ್ಲ.

ಆದರೂ ಜಾಗ ಸಾಲಬೇಕಲ್ಲ. 2003ರ ಜಿಪಾನ್, ಅಂದರೆ ಗಿಗಾಬಿಟ್ ಪಾನ್ ಮಾನದಂಡದಲ್ಲಿ, ಕೆಳಕ್ಕೆ 2.5 ಗಿಗಾಬಿಟ್, ಮೇಲಕ್ಕೆ ಅದರ ಅರ್ಧ. ಎರಡೂ ಕಡೆ 100 ಮೆಗಾಬಿಟ್ ಖಾತ್ರಿ ಎಂದು ಮಾರಲು ಹೊರಟರೆ ಹನ್ನೊಂದು ಹನ್ನೆರಡು ಕಂಪನಿಗೆ ಓಎಲ್‌ಟಿಯ ಆ ಪೋರ್ಟ್, ಅಂದರೆ ಫೈಬರ್ ಜೋಡಿಸುವ ಕಿಂಡಿ, ಭರ್ತಿ. 2010ರ ಮಾನದಂಡದಲ್ಲೂ ಇದೇ ಕಥೆ: ಕೆಳಕ್ಕೆ 10, ಮೇಲಕ್ಕೆ 2.5. ಬ್ಯಾಕಪ್, ವಿಡಿಯೋ ಮೀಟಿಂಗ್ ಎಂದು ಮೇಲಕ್ಕೂ ಅಷ್ಟೇ ಸುರಿಯುವ ಆಫೀಸುಗಳಿಗೆ ಇದು ಅರ್ಧ ಉತ್ತರ. 2016ರ ಎಕ್ಸ್‌ಜಿಎಸ್ ಪಾನ್ ಎರಡೂ ಕಡೆ 10 ಗಿಗಾಬಿಟ್ ಕೊಟ್ಟಿತು. ಅದರ ಬೆಳಕಿನ ತರಂಗಾಂತರವೇ ಬೇರೆ. ಜಿಪಾನ್ 1490 ಮತ್ತು 1310 ನ್ಯಾನೋಮೀಟರ್ ಬಳಸಿದರೆ ಇದು 1577 ಮತ್ತು 1270. ಹಾಗಾಗಿ ಹಳೆಯ ಫೈಬರ್‌ನಲ್ಲೇ ಮನೆಗಳು ಜಿಪಾನ್‌ನಲ್ಲಿ, ಆಫೀಸುಗಳು ಹೊಸದರಲ್ಲಿ ಇರಬಹುದು. ಒಬ್ಬರ ಟ್ರಾಫಿಕ್ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ.

ಹೆದರಬೇಕಾದದ್ದು ಉಳಿದಿರುವುದು ಗಾಜಿನಲ್ಲಿ, ಅಂದರೆ ಹಂಚಿಕೊಂಡ ಫೈಬರ್‌ನಲ್ಲೇ. ಸ್ಪ್ಲಿಟರ್‌ಗೆ ಬರುವ ಆ ಒಂದು ಫೈಬರ್ ಕಡಿದರೆ ಎಲ್ಲರೂ ಒಟ್ಟಿಗೆ ಕತ್ತಲು. ಯಾರದೋ ಪೆಟ್ಟಿಗೆ ಕೆಟ್ಟು ಸುಮ್ನೆ ಬೆಳಕು ಬಿಡುತ್ತಲೇ ಇದ್ದರೂ ಅಷ್ಟೇ, ಯಾರ ಸರದಿಯೂ ನಡೆಯುವುದಿಲ್ಲ. ಓಎಲ್‌ಟಿ ಒಂದೊಂದನ್ನೇ ಬಾಯಿ ಮುಚ್ಚಿಸಿ ಕಳ್ಳನನ್ನು ಹುಡುಕಬೇಕು.

ಈಗ ಲೆಕ್ಕ ನೋಡಿ. ಒಪ್ಪಂದದಲ್ಲಿ ಲೈನ್ ಶೇಕಡಾ 99.99 ಹೊತ್ತು ಇರುತ್ತದೆ ಎಂದು ಬರೆದರೆ ವರ್ಷಕ್ಕೆ ಲೈನ್ ಹೋಗಬಹುದಾದದ್ದು 53 ನಿಮಿಷಕ್ಕೂ ಕಡಿಮೆ. ಕಡಿದ ಜಾಗ ಹುಡುಕಿ, ಗುಂಡಿ ತೋಡಿ, ಫೈಬರ್ ಬೆಸೆಯಲು ಗಂಟೆಗಳೇ ಬೇಕು. ಒಂದೇ ದಾರಿ ಇರುವಾಗ ಆ ಸಂಖ್ಯೆ ಕಾಗದದ ಮೇಲಿನದು.

ಇದಕ್ಕೂ ಉಪಾಯ ಮಾನದಂಡದಲ್ಲೇ ಇದೆ. ಟೈಪ್ ಬಿ ಎಂಬ ಏರ್ಪಾಡಿನಲ್ಲಿ ಸ್ಪ್ಲಿಟರ್‌ಗೆ ಎರಡು ಬಾಯಿ, ಎರಡು ಫೈಬರ್, ಮೇಲೆ ಓಎಲ್‌ಟಿಯಲ್ಲಿ ಎರಡು ಪೋರ್ಟ್. ಒಂದು ಹೋದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಎರಡೂ ಫೈಬರನ್ನು ಒಂದೇ ಕಾಲುವೆಯಲ್ಲಿ ಮಲಗಿಸಿದರೆ ಮಾತ್ರ ಒಂದೇ ಗುದ್ದಿಗೆ ಎರಡೂ ಹೋಗುತ್ತವೆ, ಅದು ಬೇರೆ ಮಾತು. ಸ್ಪ್ಲಿಟರ್‌ನಿಂದ ಆಫೀಸಿನವರೆಗಿನ ತುಂಡು ಆಗಲೂ ಒಂದೇ. ಅದನ್ನೂ ಜೋಡಿ ಮಾಡುವುದು ಟೈಪ್ ಸಿ. ಅದರ ಖರ್ಚು ನೋಡಿದಾಗ ಮತ್ತೆ ಲೀಸ್ಡ್ ಲೈನ್ ನೆನಪಾಗುತ್ತದೆ. ಅದಕ್ಕೇ ಹಲವರು ಆ ಕೊನೆಯ ತುಂಡಿಗೆ ಮೊಬೈಲ್ ರೂಟರ್ ಒಂದನ್ನು ಬ್ಯಾಕಪ್ ಇಡುತ್ತಾರೆ. ಇಡುವ ಮೊದಲು ಹತ್ತಿರದ ಟವರಿನ ಫೈಬರ್ ಯಾವ ದಾರಿಯಲ್ಲಿ ಬಂದಿದೆ ಎಂದು ಕೇಳಿ. ಅದೂ ಇದೇ ಕೇಬಲ್‌ನಲ್ಲಿ ಇರಬಹುದು.