ಆ ಒಂದು ಫ್ರೀಕಿಕ್‌ನ ರೇಟ್ ಎಷ್ಟು?

ನಮ್ಮ ಆಫೀಸಲ್ಲಿ ತ್ರಿಶೂರ್ ಕಡೆಯವನೊಬ್ಬ ಇದಾನೆ. ಒಳ್ಳೆ ಹುಡುಗ, ಊಟಕ್ಕೆ ಜೊತೇಲೆ ಹೋಗ್ತೀವಿ, ಆದ್ರೆ 2023ರ ಮಾರ್ಚ್ 3ನೇ ತಾರೀಖಿನ ಸುದ್ದಿ ಬಂದ್ರೆ ಮಾತ್ರ ತಟ್ಟೆ ಅಲ್ಲೇ ಬಿಟ್ಟು ಜಗಳಕ್ಕೆ ನಿಲ್ತಾನೆ.

ಅವತ್ತು ಕಂಠೀರವ ಸ್ಟೇಡಿಯಂನಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್) ನಾಕ್ಔಟ್, ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ. 90 ನಿಮಿಷ ಆಡಿದ್ರೂ 0-0. ಎಕ್ಸ್ಟ್ರಾ ಟೈಮ್ ಶುರುವಾಗಿ ಐದಾರು ನಿಮಿಷ ಆಗಿರಬೇಕು, ಬಾಕ್ಸ್ ಹತ್ರ ನಮಗೊಂದು ಫ್ರೀಕಿಕ್ ಸಿಕ್ತು. ಕೇರಳದ ಕೀಪರ್ ಗಿಲ್ ಇನ್ನೂ ವಾಲ್, ಅಂದ್ರೆ ಬಾಲ್ ತಡೆಯೋಕೆ ಆಟಗಾರರ ಸಾಲು, ನಿಲ್ಲಿಸ್ತಾ ಇದ್ರು, ನೀನು ಇತ್ತ ಬಾ ನೀನು ಅತ್ತ ಹೋಗು ಅಂತ. ನಮ್ಮ ಸುನಿಲ್ ಛೆಟ್ರಿ ಕಾಯ್ಲಿಲ್ಲ. ಜೋರಾಗೇನೂ ಹೊಡೀಲಿಲ್ಲ, ಮೆತ್ತಗೆ ಎತ್ತಿ ಹಾಕಿದ್ರು ಅಷ್ಟೆ, ಬಾಲ್ ಹೋಗಿ ನೆಟ್ಟಲ್ಲಿ ಕೂತ್ಕೊಂಡ್ತು. ರೆಫರಿ ಗೋಲ್ ಅಂದ್ರು, ಕೇರಳದವರು ನಾವಿನ್ನೂ ರೆಡಿನೇ ಆಗಿರ್ಲಿಲ್ಲ ಅಂತ ಮುತ್ತಿಕೊಂಡ್ರು, ಕೋಚ್ ಇವಾನ್ ವುಕೊಮನೋವಿಚ್ ಇಡೀ ಟೀಮನ್ನೇ ಮೈದಾನದಿಂದ ಹೊರಗೆ ಕರ್ಕೊಂಡು ಹೋಗ್ಬಿಟ್ರು. ವಾಪಸ್ ಬರ್ಲೇ ಇಲ್ಲ. ಬೆಂಗಳೂರು ಸೆಮಿಫೈನಲ್‌ಗೆ.

ನಮ್ಮ ತ್ರಿಶೂರ್ ಹುಡುಗನ ವಾದ ಏನಪ್ಪಾ ಅಂದ್ರೆ ಆ ಒಂದು ಕಿಕ್ ಎರಡು ಟೀಮ್‌ಗಳ ಸೀಸನ್ನನ್ನೇ ತಿರುಗಿಸಿಬಿಡ್ತು ಅಂತ. ನಿಜಾನಾ? ಜಗಳ ಬಿಟ್ಟು ಲೆಕ್ಕ ಹಾಕೋಣ ಅಂತ ಒಂದ್ಸಲ ಕೂತೆ.

ಮೊದಲು ಒಂದು ವಿಷಯ. ಕಬಡ್ಡಿಲಿ ಒಂದು ಟೀಮ್ 30-40 ಪಾಯಿಂಟ್ ಮಾಡುತ್ತೆ, ಒಂದು ರೈಡ್ ಹೋದ್ರೆ ಹೋಯ್ತು, ಇನ್ನೊಂದು ಬರುತ್ತೆ. ಕ್ರಿಕೆಟ್ಟಲ್ಲಂತೂ ಒಂದು ಫೋರ್ ಅಂದ್ರೆ ಯಾರಿಗೂ ಲೆಕ್ಕವಿಲ್ಲ. ಫುಟ್ಬಾಲಲ್ಲಿ ಹಂಗಲ್ಲ, ದೊಡ್ಡ ಲೀಗ್‌ಗಳಲ್ಲಿ ಎರಡೂ ಟೀಮ್ ಸೇರಿ ಒಂದು ಮ್ಯಾಚಿಗೆ ಸರಾಸರಿ ಎರಡೂವರೆ, ಮೂರರ ಆಸುಪಾಸು ಗೋಲ್. ಅಷ್ಟು ಕಮ್ಮಿ ಇರೋದ್ರಿಂದ್ಲೇ ಒಂದೊಂದಕ್ಕೂ ಚಿನ್ನದ ಬೆಲೆ, ಅದೃಷ್ಟಕ್ಕೂ ಆಟದಲ್ಲಿ ದೊಡ್ಡ ಪಾಲು.

ಅಪರೂಪಕ್ಕೆ, ಯಾವಾಗ ಅಂತ ಹೇಳಕ್ಕಾಗದ ಹಾಗೆ ನಡೆಯೋ ಘಟನೆಗಳಿಗೆ ಗಣಿತದಲ್ಲಿ ಪ್ವಾಸೋನ್ ಹಂಚಿಕೆ ಅಂತ ಒಂದು ಸೂತ್ರ ಇದೆ. 1898ರಲ್ಲಿ ಬೋರ್ಟ್‌ಕೀವಿಚ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಅದನ್ನ ತೋರಿಸೋಕೆ ಬಳಸಿದ ಉದಾಹರಣೆ ಯಾವುದು ಗೊತ್ತಾ, ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ! ಫುಟ್ಬಾಲ್ ಗೋಲ್‌ಗಳೂ ಹೆಚ್ಚುಕಮ್ಮಿ ಹಂಗೇ ಬೀಳ್ತವೆ, ಕುದುರೆ ಒದ್ದ ಹಾಗೆ, ಯಾವಾಗ ಅಂತ ಗೊತ್ತಿಲ್ಲ ಆದ್ರೆ ವರ್ಷದ ಕೊನೆಗೆ ಒಟ್ಟು ಎಷ್ಟು ಅಂತ ಅಂದಾಜು ಹೇಳ್ಬಹುದು.

ಈಗ ಕಂಠೀರವಕ್ಕೆ ವಾಪಸ್ ಬರೋಣ. ಎರಡೂ ಟೀಮ್ ಸಮಬಲ ಅಂತಿಟ್ಕೊಳ್ಳಿ. ಫ್ರೀಕಿಕ್‌ಗೆ ಮುಂಚೆ ನಮ್ಮ ಚಾನ್ಸ್ 50 ಪರ್ಸೆಂಟ್, ಇರಲಿ ಫ್ರೀಕಿಕ್ ನಮ್ಮದೇ ಆದ್ರಿಂದ ಒಂದೆರಡು ಜಾಸ್ತಿ, ಬಿಡಿ. ಗೋಲ್ ಆದ್ಮೇಲೆ 24 ನಿಮಿಷ ಬಾಕಿ. ಆ ಪ್ವಾಸೋನ್ ಸೂತ್ರದ ಪ್ರಕಾರ ಅಷ್ಟು ಹೊತ್ತಲ್ಲಿ ಒಂದು ಟೀಮ್ ಗೋಲೇ ಹೊಡೀದೆ ಇರೋ ಸಾಧ್ಯತೆ ಸುಮಾರು 70 ಪರ್ಸೆಂಟ್. ಕೇರಳ ಒಂದು ಹೊಡೆದ್ರೂ ನಾವು ಇನ್ನೊಂದು ಹೊಡೆಯೋದು, ಇಲ್ಲಾ ಪೆನಾಲ್ಟಿಗೆ ಹೋಗಿ ಗೆಲ್ಲೋದು, ಎಲ್ಲಾ ಸೇರಿಸಿದ್ರೆ 86ರ ಹತ್ರ ಬರುತ್ತೆ. ಅಂದ್ರೆ ಛೆಟ್ರಿ ಕಾಲು ಒಂದೇ ಏಟಿಗೆ 36 ಪರ್ಸೆಂಟ್ ತಂದುಕೊಟ್ತು.

ಮಿಕ್ಕಿದ 14? ಅದನ್ನ ಕೇರಳದವರು ಕೈಯಾರೆ ಕೊಟ್ಟು ಹೋದ್ರು. ನನ್ನ ಕೇಳಿದ್ರೆ ಅವತ್ತಿನ ದೊಡ್ಡ ಎಡವಟ್ಟು ಅದೇ. ಬೇಗ ತಗೊಂಡ ಫ್ರೀಕಿಕ್ ರೂಲ್ಸಲ್ಲಿ ಇದೆ, ರೆಫರಿ ಕಾಯಿ ಅಂತ ಹೇಳದೇ ಇದ್ರೆ ವಿಸಿಲ್‌ಗೆ ಕಾಯೋ ಅಗತ್ಯ ಇಲ್ಲ. 24 ನಿಮಿಷ ಇತ್ತು, ಆಡಿದ್ರೆ ಏಳರಲ್ಲಿ ಒಂದು ಚಾನ್ಸ್ ಇತ್ತು. ಅದು ಬಿಟ್ಟು ಟೀಮ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ಬ್ಯಾನ್. ಸಿಟ್ಟಿನ ಕೈಗೆ ಬುದ್ಧಿ ಕೊಟ್ರೆ ಇನ್ನೇನಾಗುತ್ತೆ.

ಆದ್ರೆ ಸೀಸನ್ ಅಂದ್ರೆ ಕಪ್ಪು ತಾನೆ. ಸೆಮಿಯಲ್ಲಿ ನಾಲ್ಕು ಟೀಮು, ಸಮಬಲ ಅಂದ್ರೆ ಒಬ್ಬೊಬ್ಬರಿಗೆ 25 ಪರ್ಸೆಂಟ್. 50ರ ಕಾಲು ಭಾಗ ಹನ್ನೆರಡೂವರೆ, 86ರ ಕಾಲು ಭಾಗ ಇಪ್ಪತ್ತೊಂದೂವರೆ. ಇಷ್ಟೆಲ್ಲಾ ಗಲಾಟೆ ಆದ ಆ ಗೋಲು ನಮ್ಮ ಕಪ್ ಚಾನ್ಸನ್ನ ಏರಿಸಿದ್ದು ಬರೀ 9 ಪರ್ಸೆಂಟ್! ಕೇಳೋಕೆ ಸಪ್ಪೆ ಅನ್ಸುತ್ತೆ, ಆದ್ರೆ ಒಂದು ಕಾಲು, ಒಂದು ಕ್ಷಣ, 9 ಪರ್ಸೆಂಟ್ ಅಂದ್ರೆ ಕಮ್ಮಿಯೇನಲ್ಲ. ಸೆಮಿಯಲ್ಲಿ ಮುಂಬೈ ಸಿಟಿ ಮೇಲೆ ಪೆನಾಲ್ಟಿಲಿ 9-8 ಗೆದ್ವಿ, ಗೋವಾದ ಫೈನಲಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ 2-2 ಆಗಿ ಪೆನಾಲ್ಟಿಲಿ 4-3 ಸೋತ್ವಿ. ಆ ಪೆನಾಲ್ಟಿಗಳಲ್ಲಿ ಕೆಲವು ಕಿಕ್ಕುಗಳು ಫ್ರೀಕಿಕ್‌ಗಿಂತ ದುಬಾರಿ, ಕಪ್ಪು ಅಷ್ಟು ಹತ್ರ ಇತ್ತಲ್ಲ. ಯಾರಿಗೆ ನೆನಪಿದೆ ಹೇಳಿ ಅವೆಲ್ಲ.

ಇನ್ನೊಂದು, ಆ ನಾಕ್ಔಟ್‌ಗೆ ಬರೋಕೂ ಮುಂಚೆ ಬೆಂಗಳೂರು ಲೀಗಲ್ಲಿ ಸತತ 8 ಮ್ಯಾಚ್ ಗೆದ್ದಿತ್ತು. ಅದಕ್ಕೂ ಮುಂಚೆ ಟೀಮ್ ಪಾತಾಳದಲ್ಲಿತ್ತು, ಪ್ಲೇಆಫ್ ಮಾತೇ ಯಾರೂ ಆಡ್ತಿರ್ಲಿಲ್ಲ. ಕೊನೆಗೆ 34 ಪಾಯಿಂಟ್, ನಾಲ್ಕನೇ ಜಾಗ. ಪ್ರತಿ ಮ್ಯಾಚ್ ಗೆಲ್ಲೋಕೆ ಅರ್ಧಕ್ಕರ್ಧ ಚಾನ್ಸ್ ಅಂದ್ರೆ ಸತತ 8 ಗೆಲ್ಲೋದು 256ಕ್ಕೆ ಒಂದು. ಬರೀ ಲಕ್ ಅಂತ ತಳ್ಳಿಹಾಕೋದು ಕಷ್ಟ, ಶಿವಶಕ್ತಿ ಥರ ಹುಡುಗರು ಅಟ್ಯಾಕಲ್ಲಿ ಸೆಟ್ ಆದ್ರು, ಛೆಟ್ರಿ ಎಷ್ಟೋ ಸಲ ಬೆಂಚಿಂದ ಬಂದು ಆಡಿದ್ರು. ಸೀಸನ್ ತಿರುಗಿದ್ದು ಅಲ್ಲಿ, ಹನಿ ಹನಿ ಗೂಡಿ, ಯಾವ ಒಂದು ಕಿಕ್ಕಲ್ಲೂ ಅಲ್ಲ.

ಹಾಗಾದ್ರೆ ನಮ್ಮ ತಲೆ ಯಾಕೆ ಒಂದೇ ಕ್ಷಣಕ್ಕೆ ಜೋತು ಬೀಳುತ್ತೆ? ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಎರಡು ಕ್ಲಬ್, ಸಿಟಿ ಮತ್ತು ಯುನೈಟೆಡ್, ಇವರ ಕಥೆ ತಗೊಳ್ಳಿ. 2012ರ ಮೇ 13, ಕೊನೇ ಮ್ಯಾಚು, 93 ನಿಮಿಷ 20 ಸೆಕೆಂಡಿಗೆ ಅಗ್ವೆರೋ ಹೊಡೆದ ಗೋಲಿಂದ ಸಿಟಿಗೆ ಪ್ರೀಮಿಯರ್ ಲೀಗ್. ಎಲ್ಲರಿಗೂ ಗೊತ್ತು. ಆದ್ರೆ ಯುನೈಟೆಡ್ಡೂ ಸಿಟಿಯೂ ಇಬ್ರೂ 89 ಪಾಯಿಂಟು, ಗೋಲ್ ಡಿಫರೆನ್ಸ್ (ಹೊಡೆದ ಗೋಲಲ್ಲಿ ತಿಂದ ಗೋಲು ಕಳೆದಿದ್ದು, ಪಾಯಿಂಟ್ ಸಮ ಆದ್ರೆ ಇದನ್ನೇ ನೋಡೋದು) ಸಿಟಿದು 64, ಯುನೈಟೆಡ್‌ದು 56. ಅಕ್ಟೋಬರಲ್ಲಿ ಇದೇ ಸಿಟಿ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್‌ಗೆ 6-1 ಬಾರಿಸಿತ್ತು. ಆ ಗೆಲುವು 6-1 ಬದಲು 2-1 ಆಗಿದ್ರೆ ಇಬ್ಬರದೂ ಸರಿಯಾಗಿ 60-60! ಏಪ್ರಿಲಲ್ಲಿ ಯುನೈಟೆಡ್ ಎವರ್ಟನ್ ಮೇಲೆ 4-2 ಮುಂದಿದ್ದು ಕೊನೇ ಏಳೆಂಟು ನಿಮಿಷದಲ್ಲಿ 4-4 ಮಾಡ್ಕೊಂಡ್ತಲ್ಲ, ಅಲ್ಲಿ ಗೆದ್ದಿದ್ರೆ 91 ಪಾಯಿಂಟು, ಅಗ್ವೆರೋ ಗೋಲು ಬರೀ ಒಂದು ಗೋಲಾಗಿ ಉಳಿಯೋದು. ನಾಲ್ಕೈದು ಬಾಗಿಲು ತೆರೆದಿದ್ದಕ್ಕೇ ಒಳಗೆ ಹೋಗಿದ್ದು, ನಾವು ನೆನಪಿಟ್ಕೊಳ್ಳೋದು ಕೊನೇ ಬಾಗಿಲನ್ನ ಮಾತ್ರ.

ಇನ್ನೂ ಪಾಪ ಅನ್ಸೋದು ಲಿವರ್‌ಪೂಲ್ ಕ್ಯಾಪ್ಟನ್ ಜೆರಾರ್ಡ್. 2014ರ ಏಪ್ರಿಲ್ 27, ಚೆಲ್ಸಿ ಎದುರು ಕಾಲು ಜಾರಿ ಬಿದ್ರು, ಡೆಂಬಾ ಬಾ ಬಾಲ್ ತಗೊಂಡು ಓಡಿ ಹೊಡೆದ್ರು, ಲಿವರ್‌ಪೂಲ್ 2-0 ಸೋತ್ತು. ಇವತ್ತಿಗೂ ಆ ಮನುಷ್ಯನ್ನ ಹಾಡು ಕಟ್ಟಿ ಆಡ್ಕೋತಾರೆ. ಪಾಯಿಂಟ್ ನೋಡಿ: ಕೊನೆಗೆ ಸಿಟಿ 86, ಲಿವರ್‌ಪೂಲ್ 84. ಜಾರದೇ ಇದ್ದು ಮ್ಯಾಚ್ ಡ್ರಾ ಆಗಿದ್ರೂ 85, ಆಗ್ಲೂ ಎರಡನೇ ಜಾಗಾನೇ. ಆದ್ರೆ ಆ ಸೋಲು ಇನ್ನೊಂದು ಕೆಲಸ ಮಾಡ್ತು, ಅದು ಪಾಯಿಂಟ್ ಟೇಬಲ್ಲಲ್ಲಿ ಕಾಣಲ್ಲ. ಮುಂದಿನ ಮ್ಯಾಚಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 3-0 ಮುಂದಿದ್ರೂ ಸುಮ್ನಿರದೆ, ಗೋಲ್ ಡಿಫರೆನ್ಸಲ್ಲಿ ಸಿಟಿಯನ್ನ ಹಿಡಿಯೋಕೆ ಹೋಗಿ ಹಿಂದುಗಡೆ ಬಟಾಬಯಲು ಬಿಟ್ರು, ಕೊನೇ ಹತ್ತು ನಿಮಿಷ ಚಿಲ್ಲರೇಲಿ ಮೂರು ತಿಂದು 3-3. ನಾವು ಮೊಮೆಂಟಮ್ಮು ಅಂತ ಕರೆಯೋದರಲ್ಲಿ ನನಗೆ ನಂಬಿಕೆ ಇರೋದು ಇಷ್ಟು ಭಾಗದಲ್ಲಿ ಮಾತ್ರ: ಒಂದು ಕ್ಷಣ ಮುಂದಿನ ನಿರ್ಧಾರವನ್ನ ಬದಲಿಸಬಹುದು.

ಉಳಿದ ಮೊಮೆಂಟಮ್ ಬಗ್ಗೆ ವಿಜ್ಞಾನಿಗಳಿಗೇ ಒಮ್ಮತ ಇಲ್ಲ. 1985ರಲ್ಲಿ ಗಿಲೊವಿಚ್, ವ್ಯಾಲೋನ್, ಟ್ವೆರ್‌ಸ್ಕಿ ಬಾಸ್ಕೆಟ್‌ಬಾಲ್ ಶಾಟ್‌ಗಳನ್ನ ನೋಡಿ ಕೈ ಬಿಸಿಯಾಗೋದು, ಅಂದ್ರೆ ಒಂದೆರಡು ಶಾಟ್ ಬಿದ್ರೆ ಮುಂದಿನದೂ ಬೀಳೋ ಚಾನ್ಸ್ ಜಾಸ್ತಿ ಅನ್ನೋದೆಲ್ಲ ಭ್ರಮೆ ಅಂದ್ರು, 2018ರಲ್ಲಿ ಮಿಲ್ಲರ್ ಮತ್ತು ಸಾನ್‌ಹುರ್ಹೊ ಆ ಲೆಕ್ಕದಲ್ಲೇ ಒಂದು ಸೂಕ್ಷ್ಮ ತಪ್ಪಿದೆ ಅಂತ ತೋರಿಸಿದ್ರು. ಮೂವತ್ತಮೂರು ವರ್ಷ ಬೇಕಾಯ್ತು ಒಂದು ತಪ್ಪು ಹಿಡಿಯೋಕೆ, ಇನ್ನು ನಾವು ಊಟದ ಟೇಬಲ್ಲಲ್ಲಿ ಎಷ್ಟು ಬೇಗ ಬಗೆಹರಿಸ್ಬಿಡ್ತೀವಿ.

ಇಷ್ಟೂ ಲೆಕ್ಕ ಒಂದು ಟಿಶ್ಯೂ ಪೇಪರ್ ಮೇಲೆ ಬರೆದು ನಮ್ಮ ತ್ರಿಶೂರ್ ಹುಡುಗನ ಮುಂದೆ ಇಟ್ಟೆ. 50, 86, 14, 9, ಎಲ್ಲಾ. ಪುಣ್ಯಾತ್ಮ ಪೂರ್ತಿ ಓದಿದ, ಗುಣಾಕಾರ ಸರಿ ಇದೆಯಾ ಅಂತ ಫೋನಲ್ಲಿ ಚೆಕ್ಕೂ ಮಾಡಿದ, ಆಮೇಲೆ ಪೇಪರ್ ಮಡಚಿ ಸಾಂಬಾರ್ ಕೈ ಒರೆಸ್ಕೊಂಡು ಕೇಳಿದ:

"ಸರಿ ಗುರೂ, ವಿಸಿಲ್ ಊದಿದ್ರಾ ಇಲ್ವಾ ಅದು ಹೇಳು."