ಮರಳು ಎಲ್ಲಿ ಹೋಯಿತು? ಹಳೆ ಕಬ್ಬಿಣದ ಜಾಗಗಳನ್ನು ನೋಡುವವರಿಗೆ ಟಿಪ್ಪಣಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಬ್ಬಿಣದ ಹಳೆ ಜಾಗಗಳನ್ನು ನೋಡಲು ಹೊರಟವರು ಮೊದಲು ಕಟ್ಟಡ ಹುಡುಕುತ್ತಾರೆ. ಚಿಮಣಿ, ಶೆಡ್ಡು, ರೋಪ್‌ವೇ ಕಂಬ. ಆದರೆ ಕಬ್ಬಿಣದ ಕಂಬ ಗುಜರಿಗೆ ಹೋಗುತ್ತದೆ, ಇಟ್ಟಿಗೆ ಯಾರದೋ ಮನೆಯ ಗೋಡೆ ಸೇರುತ್ತದೆ. ಹೆಚ್ಚಾಗಿ ಜಾಗದಲ್ಲೇ ಉಳಿಯುವುದು ಕಸ. ಹಾಗಾಗಿ ಈ ಟಿಪ್ಪಣಿ ಬಹುಪಾಲು ಕಸದ ಮೇಲೆಯೇ ಇದೆ. ಕೈಗಾರಿಕಾ ಪುರಾತತ್ವ ಓದುತ್ತಿರುವವರಿಗೆ, ಸುಮ್ನೆ ಕುತೂಹಲಕ್ಕೆ ಗುಡ್ಡ ಹತ್ತುವವರಿಗೂ, ಇದು ಸಾಕಾಗುತ್ತದೆ.

ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಅದಿರಿನಲ್ಲಿದ್ದ ಮರಳು ಎಲ್ಲಿ ಹೋಯಿತು? ಮರಳು ಅಂದರೆ ಸಿಲಿಕಾ. ಬಾಬಾಬುಡನ್‌ಗಿರಿ ಸಾಲಿನ ಕಬ್ಬಿಣದ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಅದನ್ನು ಹತ್ತಿರದಿಂದ ನೋಡಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕಪ್ಪು ಪಟ್ಟೆ ಕಬ್ಬಿಣದ್ದು, ಬಿಳಿ ಅಥವಾ ಕೆಂಪು ಪಟ್ಟೆ ಸಿಲಿಕಾದ್ದು. ಕೆಲವು ಪಟ್ಟೆ ಬೆರಳಿನಷ್ಟು ದಪ್ಪ, ಕೆಲವು ಉಗುರಿನಷ್ಟೂ ಇಲ್ಲ. ಕಬ್ಬಿಣ ಬೇಕು ಅಂದರೆ ಆ ಬಿಳಿ ಪಟ್ಟೆಯನ್ನು ಹೇಗಾದರೂ ತೊಲಗಿಸಬೇಕು. ಒಂದೊಂದು ಕಾಲದವರು ಒಂದೊಂದು ದಾರಿ ಹಿಡಿದರು, ದಾರಿ ಬದಲಾದಂತೆ ಕಸವೂ ಬದಲಾಯಿತು.

ಹಳೆ ಕುಲುಮೆ: ತಲೆ ಕೆಡುವುದು ಇಲ್ಲೇ

ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಮಣ್ಣಿನ ಕುಲುಮೆ, ಇದ್ದಿಲು, ಚರ್ಮದ ತಿದಿ ಇಟ್ಟುಕೊಂಡು ಊದಿದರೆ 1200 ಡಿಗ್ರಿಯ ಆಸುಪಾಸು ಸಿಗುತ್ತದೆ. ಹಾಗಾದರೆ ನಮ್ಮ ಹಳೆಯ ಕಮ್ಮಾರರು ಕಬ್ಬಿಣ ಕರಗಿಸಿದ್ದು ಹೇಗೆ? ಉತ್ತರ: ಅವರು ಕಬ್ಬಿಣ ಕರಗಿಸಲೇ ಇಲ್ಲ. ಅವರು ಕರಗಿಸಿದ್ದು ಕಸವನ್ನು.

ಈ ಸಾಲನ್ನು ಇನ್ನೊಮ್ಮೆ ಓದಿ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಇದಕ್ಕೆ ಅದಿರು ಕರಗಬೇಕಾಗಿಲ್ಲ, ಕಲ್ಲು ಕಲ್ಲಾಗಿದ್ದಾಗಲೇ ಒಳಗೆ ಕಬ್ಬಿಣ ಹುಟ್ಟುತ್ತದೆ. ಆಮೇಲೆ ಉಳಿಯುವ ತೊಂದರೆ ಮರಳಿನದು. ಮರಳು ಒಂದೇ ಇದ್ದರೆ 1700 ಡಿಗ್ರಿಯವರೆಗೂ ಕರಗುವುದಿಲ್ಲ. ಆದರೆ ಇನ್ನೂ ಪೂರ್ತಿ ಕಬ್ಬಿಣವಾಗದ ಐರನ್ ಆಕ್ಸೈಡ್ ಅದರ ಜೊತೆ ಸೇರಿದರೆ ಫಯಲೈಟ್ ಅನ್ನುವ ವಸ್ತು ಆಗುತ್ತದೆ, ಅದು 1200 ಡಿಗ್ರಿಯ ಹತ್ತಿರ ಕರಗಿ ಹರಿಯುತ್ತದೆ. ಹೀಗೆ ಹರಿದು ಗಟ್ಟಿಯಾದದ್ದೇ ಕಿಟ್ಟ. ಗಟ್ಟಿಯಾಗಿಯೇ ಉಳಿದ ಕಬ್ಬಿಣದ ಮುದ್ದೆಯನ್ನು ಕುಲುಮೆಯಿಂದ ತೆಗೆದು, ಬಡಿದು ಬಡಿದು ಒಳಗಿನ ಕಿಟ್ಟ ಹೊರಡಿಸುತ್ತಿದ್ದರು.

ಇದಕ್ಕೆ ತೆತ್ತ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದರೆ ವಿಷಯ ಮನಸ್ಸಿನಲ್ಲಿ ಕೂರುತ್ತದೆ, ನನಗೆ ಕೂತದ್ದೂ ಹಾಗೇ. ಫಯಲೈಟ್‌ನಲ್ಲಿ ಕಬ್ಬಿಣದ ಪರಮಾಣು ಎರಡು, ಸಿಲಿಕಾನ್ ಒಂದು, ಆಮ್ಲಜನಕ ನಾಲ್ಕು. ಪರಮಾಣು ತೂಕ ಹಾಕಿ ನೋಡಿ: 60 ಕಿಲೋ ಮರಳು ಹೊರಹೋಗುವಾಗ ಸುಮಾರು 112 ಕಿಲೋ ಕಬ್ಬಿಣವನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಅಂದರೆ ಒಂದು ಪಾಲು ಮರಳಿಗೆ ಹತ್ತಿರ ಹತ್ತಿರ ಎರಡು ಪಾಲು ಕಬ್ಬಿಣ ನಷ್ಟ. ಈಗ ಪಟ್ಟೆ ಬಂಡೆಯನ್ನೇ ನೇರವಾಗಿ ಕುಲುಮೆಗೆ ಹಾಕಿದರೆ ಏನಾಗುತ್ತದೆ? 100 ಕಿಲೋದಲ್ಲಿ 35 ಕಿಲೋ ಕಬ್ಬಿಣ, 50 ಕಿಲೋ ಮರಳು ಇದೆ ಅಂತಿಟ್ಟುಕೊಳ್ಳಿ. ಆ ಮರಳು ಹರಿಯುವುದಕ್ಕೇ 93 ಕಿಲೋ ಕಬ್ಬಿಣ ಬೇಕು, ಇರುವುದು 35. ಕೊನೆಗೆ ಕೈಗೆ ಏನೂ ಸಿಗುವುದಿಲ್ಲ.

ಅದಕ್ಕೇ ಹಳಬರಿಗೆ ಒಳ್ಳೆ ಅದಿರೇ ಬೇಕಿತ್ತು. ಮಳೆ ಬಿಸಿಲಿಗೆ ಸಿಲಿಕಾ ತೊಳೆದುಹೋಗಿ ಕಬ್ಬಿಣವೇ ಜಾಸ್ತಿ ಉಳಿದ ಭಾಗ, ಇಲ್ಲವೇ ಹಳ್ಳದಲ್ಲಿ ನಿಂತ ಕಪ್ಪು ಮರಳು (ಹೆಸರು ಮರಳಾದರೂ ಇದು ಸಿಲಿಕಾ ಅಲ್ಲ, ಕಬ್ಬಿಣದ ಅದಿರಿನ ಕಾಳು). 1800–01ರಲ್ಲಿ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಹಳ್ಳದ ಕಪ್ಪು ಮರಳನ್ನು ತೊಳೆದು ಕಬ್ಬಿಣ ತೆಗೆಯುವವರ ಬಗ್ಗೆ ಬರೆದಿದ್ದಾನೆ. ಆ ತೊಳೆಯುವ ಕೆಲಸವನ್ನು ನೆನಪಿಡಿ, ಕುದುರೆಮುಖದ ಹತ್ತಿರ ಮತ್ತೆ ಬೇಕಾಗುತ್ತದೆ.

ಕೈಯಲ್ಲಿರುವುದು ಕಿಟ್ಟವೇ, ಅದಿರೇ, ಜಂಬಿಟ್ಟಿಗೆಯೇ?

ತುಂಬ ಜನ ಆಯಸ್ಕಾಂತ ಒಂದನ್ನೇ ನಂಬುತ್ತಾರೆ. ಅದು ಸಾಲದು. ಮ್ಯಾಗ್ನೆಟೈಟ್ ಅದಿರಿಗೆ ಅದು ಗಟ್ಟಿಯಾಗಿ ಅಂಟುತ್ತದೆ, ಒಳಗೆ ಕಬ್ಬಿಣದ ಚೂರು ಉಳಿದ ಕಿಟ್ಟಕ್ಕೂ ಅಂಟುತ್ತದೆ. ಹೆಮಟೈಟ್ ಒಳ್ಳೆ ಅದಿರಾದರೂ ಅಂಟುವುದೇ ಕಷ್ಟ.

ನನಗೆ ಇಷ್ಟವಾದ ಉಪಾಯ ಗೀರಿ ನೋಡುವುದು. ಇದಕ್ಕೆ ಕಾಫಿ ಕುಡಿಯುವ ಹಳೆ ಪಿಂಗಾಣಿ ಕಪ್ ಸಾಕು. ಅದನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಬಿಳಿ ಉಂಗುರ ಇರುತ್ತದೆ, ಅಲ್ಲಿ ಕಲ್ಲನ್ನು ಗೀರಿ. ಹೆಮಟೈಟ್ ಹೊರಗೆ ಎಷ್ಟೇ ಕಪ್ಪಗಿದ್ದರೂ ಗೀರು ಕೆಂಪು. ಮ್ಯಾಗ್ನೆಟೈಟ್ ಗೀರು ಕಪ್ಪು. ಜಂಬಿಟ್ಟಿಗೆಯ ಗೀರು ಸಾಮಾನ್ಯವಾಗಿ ಹಳದಿ ಮಿಶ್ರಿತ ಕಂದು. ಮನೆ ಹೆಂಚಿನ ಮೇಲೆ ಮಾತ್ರ ಗೀರಬೇಡಿ, ಹೆಂಚೇ ಕೆಂಪು, ಏನೂ ಗೊತ್ತಾಗುವುದಿಲ್ಲ.

ಆಮೇಲೆ ತೂತು ನೋಡಿ. ಜಂಬಿಟ್ಟಿಗೆಯಲ್ಲೂ ತೂತು ಇರುತ್ತದೆ, ಕಿಟ್ಟದಲ್ಲೂ ಇರುತ್ತದೆ, ಅದಕ್ಕೇ ಗೊಂದಲ. ಜಂಬಿಟ್ಟಿಗೆಯ ತೂತು ಅಂಕುಡೊಂಕು, ಒಳಗೆ ಹಳದಿ ಜೇಡಿ ಮೆತ್ತಿರುತ್ತದೆ. ಕಿಟ್ಟದ ತೂತು ಗಾಳಿಗುಳ್ಳೆ. ದುಂಡಗೆ ಇರುತ್ತದೆ, ಒಳಗೋಡೆ ನುಣ್ಣಗೆ ಮಿಂಚುತ್ತದೆ. ಕಿಟ್ಟದ ಒಂದು ಮೈ ಬೆಲ್ಲದ ಪಾಕ ಸುರಿದು ಆರಿದ ಹಾಗೆ ಮಡಿಕೆ ಮಡಿಕೆಯಾಗಿದ್ದು, ಅಡಿಯ ಮೈಯಲ್ಲಿ ಮಣ್ಣು, ಮರಳಿನ ಕಾಳು ಕಚ್ಚಿಕೊಂಡಿದ್ದರೆ ಅದು ಕುಲುಮೆಯ ಬಾಯಿಂದ ನೆಲಕ್ಕೆ ಹರಿದದ್ದು ಅಂತ ಧೈರ್ಯವಾಗಿ ಬರೆದುಕೊಳ್ಳಬಹುದು. ಕೈಗೆ ಎತ್ತಿಕೊಂಡರೆ ಭಾರ. ಈಗ ಯಾಕೆ ಅಂತ ಗೊತ್ತಲ್ವಾ, ಅದರ ತೂಕದಲ್ಲಿ ಅರ್ಧದಷ್ಟು ಕಬ್ಬಿಣವೇ ಇದೆ.

ಕೆಮ್ಮಣ್ಣುಗುಂಡಿ ಮತ್ತು ಭದ್ರಾವತಿ

ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆದರು, ಕರಗಿಸಲಿಲ್ಲ. ಅದಿರು ರೋಪ್‌ವೇ ಮೇಲೆ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್‌ವೇಯಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಆದ್ದರಿಂದ ಬೆಟ್ಟದ ಮೇಲೆ ಕಾರ್ಖಾನೆಯ ಕಿಟ್ಟ ಹುಡುಕಬೇಡಿ. ಅಗೆದ ಮೆಟ್ಟಿಲು, ಕಂಬದ ಬುನಾದಿ, ಸಾಗಣೆಯ ಜಾಡು, ಇವು ಅಲ್ಲಿನ ಪಾಠ.

ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಉತ್ಪಾದನೆ 1923ರಲ್ಲಿ. ಅಲ್ಲಿನ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) ಕಲ್ಲಿದ್ದಲಿನದಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲಿನದು. ಇಲ್ಲಿ ಎರಡು ಬದಲಾವಣೆ. ಒಂದು, ಕಬ್ಬಿಣ ಶೇ. 4ರಷ್ಟು ಇಂಗಾಲ ಹೀರಿಕೊಂಡು 1150 ಡಿಗ್ರಿಯ ಹತ್ತಿರವೇ ಕರಗುವ ಬೀಡು ಕಬ್ಬಿಣವಾಗುತ್ತದೆ. ಎರಡು, ಮರಳನ್ನು ಹಿಡಿಯಲು ಸುಣ್ಣಕಲ್ಲು ಹಾಕುತ್ತಾರೆ. ಮರಳು ಸುಣ್ಣದ ಜೊತೆ ಹೋಗುತ್ತದೆ, ಕಬ್ಬಿಣವನ್ನು ಬಿಟ್ಟು ಹೋಗುತ್ತದೆ. ಹಾಗಾಗಿ ಊದುಕುಲುಮೆಯ ಕಿಟ್ಟ ಹಗುರ, ಬೂದು ಅಥವಾ ಹಸಿರು ಬಣ್ಣ, ಒಡೆದರೆ ಹಲವು ಸಲ ಗಾಜಿನ ಹಾಗೆ ಚೂಪು. ಭಾರವಾದ ಕಪ್ಪು ಕಿಟ್ಟವನ್ನೂ ಹಗುರವಾದ ಗಾಜು ಕಿಟ್ಟವನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದರೆ ಎರಡು ತಂತ್ರಜ್ಞಾನದ ನಡುವಿನ ದೂರ ತೂಕದಲ್ಲೇ ತಿಳಿಯುತ್ತದೆ.

ಕುದುರೆಮುಖ

ಇಲ್ಲಿ ಕುಲುಮೆಯೇ ಇರಲಿಲ್ಲ. 1976ರಲ್ಲಿ ಶುರುವಾದ ಕಂಪನಿ ಮ್ಯಾಗ್ನೆಟೈಟ್ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಆಯಸ್ಕಾಂತದಿಂದ ಕಬ್ಬಿಣದ ಕಾಳನ್ನು ಎಳೆದುಕೊಳ್ಳುತ್ತಿತ್ತು. ಹಳ್ಳದ ಕಪ್ಪು ಮರಳು ತೊಳೆಯುತ್ತಿದ್ದವರ ಉದ್ದೇಶವೂ ಇದೇ ಆಗಿತ್ತು: ಮರಳನ್ನು ಬೆಂಕಿಗೆ ಹೋಗುವ ಮೊದಲೇ ಬಿಡಿಸುವುದು. ಅದಿರು ಹೇಗೂ ನೀರಿನಲ್ಲಿ ಕಲಸಿದ ಹಿಟ್ಟಾಗಿತ್ತು, ಸಮುದ್ರ ಕೆಳಗಿತ್ತು, ಹಾಗಾಗಿ ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸಿದರು.

ಶೇ. 38ರಷ್ಟು ಕಬ್ಬಿಣವಿರುವ ಅದಿರನ್ನು ಶೇ. 67ಕ್ಕೆ ಏರಿಸಬೇಕಾದರೆ, ಒಂದು ಕಾಳೂ ಪೋಲಾಗದಿದ್ದರೂ 100 ಟನ್ನಿಗೆ ಸಿಗುವುದು 57 ಟನ್. ಉಳಿದ 43 ಟನ್ ಕಸ. ಆ ಕಸ ಲಖ್ಯಾ ಅಣೆಕಟ್ಟಿನ ಹಿಂದೆ ಹೂಳಾಗಿ ನಿಂತಿದೆ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಭದ್ರೆ ಹುಟ್ಟುವ ಕಾಡಿನಲ್ಲಿ ಅದು ಇನ್ನೂ ನಡೆಯಬಾರದಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಗಣಿ ನಿಂತರೂ ಹೂಳು ಅಲ್ಲೇ ಇದೆ, ಅದನ್ನೂ ಇತಿಹಾಸದ ಭಾಗವಾಗಿಯೇ ಓದಬೇಕು.

ಹೋಗುವ ಮುಂಚೆ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯ ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬೀಗ ಹಾಕಿದ ಶೆಡ್ಡಿಗೆ ನುಗ್ಗಬೇಡಿ, ತುಕ್ಕು ಹಿಡಿದ ತಗಡು ಎಲ್ಲಿ ಕುಸಿಯುತ್ತದೆ ಅಂತ ಹೇಳಲಾಗದು. ನೀರು ನಿಂತ ಗಣಿಗುಂಡಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಇಂಬಳ, ಮಂಜು, ಎತ್ತರದ ಹುಲ್ಲು, ನೆಲವೇ ಕಾಣುವುದಿಲ್ಲ. ಚಳಿ ಮುಗಿಯುವ ಹೊತ್ತಿಗೆ ಹುಲ್ಲು ಒಣಗಿ ಬುನಾದಿಗಳು ಎದ್ದು ಕಾಣುತ್ತವೆ.

ಕಿಟ್ಟವನ್ನು ಮನೆಗೆ ತರಬೇಡಿ. ಒಂದು ರಾಶಿಯಲ್ಲಿ ಯಾವ ತುಂಡು ಎಲ್ಲಿತ್ತು ಅನ್ನುವುದೇ ಅರ್ಧ ಮಾಹಿತಿ. ಹರಿದ ಮೈ, ಅಡಿಯ ಮೈ, ಮೊದಲೇ ಒಡೆದಿದ್ದರೆ ಒಳಮೈ, ಮೂರನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಎತ್ತಿದ ಜಾಗದಲ್ಲೇ ಇಡಿ. ತಿದಿಯ ಮಣ್ಣಿನ ಕೊಳವೆಯ ಚೂರು ಕಂಡರೆ ಅದರ ಒಳಗಿನ ಅಗಲ ಅಳೆದು ಬರೆದುಕೊಳ್ಳಿ. ಜೊತೆಗೆ ಹತ್ತಿರದ ಹಳ್ಳ ಯಾವ ದಿಕ್ಕಿಗಿದೆ, ಎಷ್ಟು ದೂರ ಅನ್ನುವುದನ್ನೂ ಗುರುತು ಹಾಕಿ.